ಹಾಲುಕ್ಕದ ಒಲೆಯಲ್ಲಿ ಸೇಬು

ನಮ್ಮ ಕೊಟ್ಟೂರಿನಲ್ಲಿ ಯಾರಿಗಾದರೂ ಜ್ವರ ಎಷ್ಟಿದೆ ಎಂದು ತಿಳಿಯಲು ಥರ್ಮಾಮೀಟರ್ ಬೇಕಿಲ್ಲ, ಅವರ ಮನೆಯಲ್ಲಿ ಸೇಬು ಎಷ್ಟಿದೆ ಎಂದು ನೋಡಿದರೆ ಸಾಕು. ಫ್ರಿಜ್ಜಿನಲ್ಲಿ ಹಿಡಿಸುವಷ್ಟಿದ್ದರೆ ಆರ್ಡಿನರಿ ನೆಗಡಿ. ಡೈನಿಂಗ್ ಟೇಬಲ್ ತುಂಬಿ, ಹೊಲಿಗೆ ಮಷಿನ್ನಿನ ಮೇಲೂ ಕೂತಿದ್ದರೆ ಟೈಫಾಯ್ಡು. ಗಟ್ಟಿಮುಟ್ಟಾದವರಿಗೆ ಸೇಬು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಗೆ ಬಾಳೆಹಣ್ಣು, ಬಾಣಂತಿಗೆ ಕೊಬ್ಬರಿ, ಹಾಸಿಗೆ ಹಿಡಿದವರಿಗೆ ಸೇಬು. ಹಾಗಾಗಿ ಸೇಬು ಕಂಡರೆ ರೋಗಿಗೆ ಬಾಯಲ್ಲಿ ನೀರೂರುವುದಿಲ್ಲ, ತನ್ನ ಸ್ಥಿತಿ ನೆನಪಾಗುತ್ತದೆ ಅಷ್ಟೆ.

ನಮ್ಮ ಮನೆಯಲ್ಲಿ ಹೊಲಿಗೆ ಮಷಿನ್ನಿನವರೆಗೂ ಸೇಬು ಬಂದದ್ದು ಗಂಗಕ್ಕನ ಟೈಫಾಯ್ಡಿನಿಂದ. ಗಂಗಕ್ಕ ನನ್ನ ಯಜಮಾನರ ಅಣ್ಣನ ಹೆಂಡತಿ. ಇಬ್ಬರೂ ಇದೇ ಮನೆಗೆ ಸೊಸೆಯರಾಗಿ ಬಂದವರು, ಈಗ ಇಬ್ಬರಿಗೂ ಯಜಮಾನರಿಲ್ಲ. ಬಂದ ಹೊಸತರಲ್ಲೇ ನಮ್ಮ ನಡುವೆ ಒಂದು ಜಂಟಲ್‌ಮನ್ಸ್ ಅಗ್ರಿಮೆಂಟ್ ಆಗಿಹೋಗಿತ್ತು: ಅಡುಗೆಮನೆ ಅವಳದು, ಬ್ಯಾಂಕು, ಪೋಸ್ಟಾಫೀಸು, ಇಂಗ್ಲಿಷು ನನ್ನದು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳೆಂದು ಅವಳು ನನಗಿಟ್ಟ ಹೆಸರೇ ಕಾನ್ವೆಂಟು. "ಏ ಕಾನ್ವೆಂಟು, ಉಪ್ಪಿಟ್ಟಿಗೆ ನೀರು ಹಾಕೀ ಏನು, ಕೆರಿಗೆ ಉಪ್ಪಿಟ್ಟು ಹಾಕೀ?" ಎಂದು ಕೇಳುವಳು. ನಾನು ಮಾಡಿದ್ದರಲ್ಲಿ ತಪ್ಪು ತೆಗೆಯದೆ ಅವಳು ಒಂದು ತುತ್ತೂ ನುಂಗಿದವಳಲ್ಲ.

ಜ್ವರವೇನೋ ಇಳಿಯಿತು. ಅವಳ ಬಾಯಿಗೆ ರುಚಿ ಮಾತ್ರ ತಿರುಗಿ ಬರಲಿಲ್ಲ. ಡಾಕ್ಟರು "ಊಟ ಮಾಡದಿದ್ರ ಮತ್ತ ಗ್ಲೂಕೋಸ್ ಹಾಕ್ಬೇಕಾಗ್ತದ ನೋಡ್ರಿ" ಎಂದರು. ಅವಳ ಸೊಸೆ ಶಿಲ್ಪಾ ಗಂಜಿ ಮಾಡಿದಳು, ರವೆ ಪಾಯಸ ಮಾಡಿದಳು, ಎಲ್ಲವೂ ಹೋದ ಹಾಗೇ ವಾಪಸ್ಸು. ಅವಳು ಶಾಲೆಗೆ ಪಾಠ ಹೇಳಲು ಹೋದ ಒಂದು ಮಧ್ಯಾಹ್ನ ನಾನೇ ಗಂಜಿ ಕಾಯಿಸಿದೆ, ಉಪ್ಪು ಜಾಸ್ತಿಯಾಯಿತು. ಗಂಗಕ್ಕ ಒಂದು ಚಮಚ ಬಾಯಿಗಿಟ್ಟು, "ಸಾಕವ್ವ, ಚಲೋ ಐತಿ" ಎಂದು ಗೋಡೆ ಕಡೆ ಹೊರಳಿದಳು.

ಚಲೋ ಐತಿ! ನನ್ನ ಅಡುಗೆಯನ್ನು ಗಂಗಕ್ಕ ಹೊಗಳಿದಳೆಂದರೆ ಇವಳು ಹೊರಟೇ ನಿಂತಿದ್ದಾಳೆ ಎಂದೇ ನನ್ನ ಲೆಕ್ಕ.

ಅಂದು ಹರಪನಹಳ್ಳಿಯಿಂದ ಬಂದ ಬೀಗರು ಮತ್ತೆ ಸೇಬನ್ನೇ ತಂದರು. ಅವನ್ನು ಎಲ್ಲಿಡುವುದೆಂದು ಯೋಚಿಸುತ್ತಿರುವಾಗ ನನಗೆ ಕಾನ್ವೆಂಟಿನ ಬೋರ್ಡಿಂಗಿನ ಸಿಕ್‌ರೂಮ್ ನೆನಪಾಯಿತು. ಅಲ್ಲಿ ಹೊಸದಾಗಿ ಸೇರಿದಾಗ, ಜ್ವರಕ್ಕಿಂತ ಹೆಚ್ಚಾಗಿ ಅಮ್ಮನ ನೆನಪಿನಿಂದಲೇ ಮಲಗಿದ್ದೆ. ಅಡುಗೆಯ ಉಸ್ತುವಾರಿಯ ಸಿಸ್ಟರ್ ಒಬ್ಬರು ಒಂದು ಪಿಂಗಾಣಿ ಬಟ್ಟಲಲ್ಲಿ ಬೇಯಿಸಿದ ಸೇಬು ತಂದು, ಮೇಲೆ ಗರಿಗರಿ ಪುಡಿ, ಒಳಗೆ ಬಿಸಿಬಿಸಿ ಹುಳಿಸಿಹಿ, ಬಾಯಿಗೆ ಹಿಡಿದು "ಈಟ್, ಚೈಲ್ಡ್" ಎಂದಿದ್ದರು. ಎ ಫಾರ್ ಆಪಲ್ ಎಂದು ಬಾಯಿಪಾಠ ಮಾಡಿದ್ದರೂ ಅದರ ರುಚಿ ನೋಡಿದ್ದು ಅಂದೇ. ಅದಕ್ಕೆ ಕ್ರಂಬಲ್ ಎನ್ನುತ್ತಾರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಾಡುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ, ಅದಕ್ಕೆ ಯೂಟ್ಯೂಬ್ ಇತ್ತಲ್ಲ. ಶಿಲ್ಪಾ ತರಿಸಿದ ಏರ್ ಫ್ರೈಯರೂ ಡಬ್ಬಿಯಲ್ಲೇ ಕೂತಿತ್ತು.

ಮರುದಿನ ರಜೆ. ಶಿಲ್ಪಾ ಡಬ್ಬಿ ಬಿಚ್ಚಿ ಮಷಿನ್ನನ್ನು ಕಟ್ಟೆಯ ಮೇಲಿಟ್ಟಳು. ನಾನು ಸೇಬಿನ ಸಿಪ್ಪೆ ತೆಗೆಯಲು ಕೂತಿದ್ದೆನಷ್ಟೆ, ಗಂಗಕ್ಕನ ಕೋಣೆಯಿಂದ ಸಣ್ಣ ದನಿ ಬಂತು.

"ಏನದು, ಹೊಸ ಒಲಿಯೇನು?"

"ಒಲಿ ಅಲ್ರಿ ಅತ್ತಿ, ಮಷಿನ್ನು" ಎಂದಳು ಶಿಲ್ಪಾ. "ಎಣ್ಣಿ ಇಲ್ದ ಬೇಯಿಸ್ತೈತಿ."

"ಬೇಯಿಸ್ತೈತಿ ಅಂದ ಮ್ಯಾಲೆ ಒಲೀನ. ಹಾಲು ಉಕ್ಕಿಸಿದ್ರೇನು? ಹಾಲು ಉಕ್ಕಿಸದ ಒಲಿ ಮ್ಯಾಲಿನ್ದು ನಾ ಬಾಯಾಗ ಹಾಕ್ಕೊಳ್ಳಂಗಿಲ್ಲ."

ಎಷ್ಟೋ ದಿನದ ಮೇಲೆ ಅವಳಾಡಿದ ಉದ್ದನೆಯ ಮಾತು ಅದು. ಈ ಮಷಿನ್ನಿನಲ್ಲಿ ಹಾಲು ಕಾಯಿಸುವುದಲ್ಲ ಎಂದು ವಿವರಿಸುವಷ್ಟು ಇಂಗ್ಲಿಷು ನನ್ನಲ್ಲಿತ್ತು, ಧೈರ್ಯವಿರಲಿಲ್ಲ. ಏರ್ ಫ್ರೈಯರಿಗೆ ವಿಭೂತಿ ಹಚ್ಚಿ, ಒಂದು ಹೂವೇರಿಸಿ, ಸ್ಟೀಲ್ ಬಟ್ಟಲಲ್ಲಿ ಹಾಲಿಟ್ಟು ಬಾಗಿಲು ಹಾಕಿದೆವು. ಅದು ಗುಂಯ್ ಎಂದು ಶುರುವಾಯಿತು. ಇಬ್ಬರೂ ಕೈಮುಗಿದು ನಿಂತೆವು. ಒಳಗಿನ ಫ್ಯಾನು ಹಾಲಿನ ಮೇಲೆ ಗಾಳಿ ಬೀಸುತ್ತಿತ್ತು. ಉಕ್ಕಬೇಕಾದ ಹಾಲು ಕಂದು ಕೆನೆಯ ಕಂಬಳಿ ಹೊದ್ದು ಮಲಗಿಬಿಟ್ಟಿತು. ಟಿಂಗ್ ಎಂದಾಗ ತೆಗೆದು ನೋಡಿದೆವು, ಹಾಲು ಇದ್ದಲ್ಲೇ ಇದೆ.

"ಉಕ್ಕಿತೇನು?" ಕೋಣೆಯಿಂದ.

ಶಿಲ್ಪಾ ನನ್ನ ಮುಖ ನೋಡಿದಳು. ಹೂಂ ಎಂದುಬಿಡಬಹುದಿತ್ತು. ಆದರೆ ದೇವರ ವಿಷಯದಲ್ಲಿ ಸುಳ್ಳು ಹೇಳಲು ಕಾನ್ವೆಂಟೂ ಬಿಡದು, ಕೊಟ್ಟೂರೂ ಬಿಡದು. "ಇಲ್ಲ ಅಕ್ಕ, ಕೆನಿ ಕಟ್ಟೈತಿ" ಎಂದೆ. ಆ ಕಡೆಯಿಂದ ಒಂದು ನಿಟ್ಟುಸಿರು ಬಂತು.

ಡಿಯರ್ ಮಿ, ಎಲ್ಲ ಕೆಟ್ಟಿತಲ್ಲ ಎಂದುಕೊಂಡೆ. ಹೆಚ್ಚಿಟ್ಟ ಸೇಬು ಕಪ್ಪಾಗುತ್ತಿತ್ತು. ಆದದ್ದಾಗಲಿ ಎಂದು ಬೆಲ್ಲ, ನಿಂಬೆರಸ, ಚಕ್ಕೆಪುಡಿ ಕಲಸಿ ಬಟ್ಟಲಿನ ಅಂಚಿನವರೆಗೂ ತುಂಬಿದೆ. ಮೇಲೆ ಗೋಧಿಹಿಟ್ಟು, ಶೇಂಗಾಪುಡಿ, ತುಪ್ಪ ಉಜ್ಜಿ ಉದುರಿಸಿ, ಮಷಿನ್ನಿನೊಳಗಿಟ್ಟೆ. ತುಪ್ಪ ಕಡಿಮೆಯಾಗಿತ್ತೇನೋ, ಫ್ಯಾನು ತಿರುಗಿದ್ದೇ ಒಳಗೆ ಹಿಟ್ಟಿನ ಬಿರುಗಾಳಿ ಎದ್ದಿತು. ಗಾಜಿನ ಕಿಂಡಿಯಲ್ಲಿ ಇಣುಕಿದ ಶಿಲ್ಪಾ, "ಸಣ್ಣತ್ತಿ, ಒಳಗ ಮಂಜು ಬೀಳಾಕತ್ತೈತ್ರಿ, ಥೇಟ್ ಕಾಶ್ಮೀರ" ಎಂದಳು. ನಾನು ನಗಲೋ ಅಳಲೋ ಎಂದು ನಿಂತಿರುವಾಗ ಸೇಬಿನ ರಸ ಕುದಿಯತೊಡಗಿತು. ಬೆಲ್ಲದ ನೊರೆ ಗುಳುಗುಳು ಎಂದು ಮೇಲೆದ್ದು, ಅಂಚು ದಾಟಿ, ಚೊರ್ರೆಂದು ಕೆಳಗಿಳಿಯಿತು. ಹೊಸ ಮಷಿನ್ನು, ತೊಳೆಯುವವರು ಯಾರು ಎಂದು ನಾನು ತಲೆ ಮೇಲೆ ಕೈಯಿಟ್ಟರೆ, ಶಿಲ್ಪಾ ಕುಣಿದಾಡಿದಳು: "ಅತ್ತೀ, ಉಕ್ಕಿತ್ರಿ! ಉಕ್ಕಿತು!"

"ಯಾ ದಿಕ್ಕಿಗೆ?"

ತಿರುಗಿ ನೋಡಿದರೆ ಗಂಗಕ್ಕ ಅಡುಗೆಮನೆಯ ಬಾಗಿಲಲ್ಲಿ. ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಿದ್ದಾಳೆ! ಬಗ್ಗಿ ನೋಡಿ, "ಮೂಡಣಕ್ಕ ಉಕ್ಕೈತಿ. ಹಾಲಾದ್ರೇನು, ಬೆಲ್ಲಾದ್ರೇನು, ಚಲೋ ಆತು" ಎಂದು ತೀರ್ಪು ಕೊಟ್ಟು ಕುರ್ಚಿ ಎಳೆದು ಕೂತಳು.

ನಾನು ಬಟ್ಟಲು ಮುಂದಿಟ್ಟೆ. ಒಂದು ಚಮಚ ಬಾಯಿಗೆ ಹೋಯಿತು. ಮತ್ತೆಲ್ಲಿ "ಚಲೋ ಐತಿ" ಅಂದುಬಿಡುತ್ತಾಳೋ!

"ಏ ಕಾನ್ವೆಂಟು" ಎಂದಳು ಗಂಗಕ್ಕ. "ಇದೇನು ಸಿಹಿಯೇನು, ಪಲಾವೇನು? ಸಿಹಿಗೆ ಯಾರರ ಚಕ್ಕಿ ಹಾಕ್ತಾರ? ಏಲಕ್ಕಿ ಡಬ್ಬಿ ಕಣ್ಣಿಗೆ ಬೀಳಲಿಲ್ಲೇನು? ಹಿಟ್ಟು ಹುರಿದಿಲ್ಲ, ಹಸಿ ವಾಸನಿ. ತುಪ್ಪ ಹಾಕಾಕ ಕೈಗೆ ಏನಾಗಿತ್ತು? ಹಣ್ಣು ನೋಡು, ಒಂದು ಆನಿ ಗಾತ್ರ, ಒಂದು ಇರುವಿ ಗಾತ್ರ..."

ಒಂದೊಂದು ತಪ್ಪಿಗೆ ಒಂದೊಂದು ಚಮಚದಂತೆ ಹೋಗುತ್ತಿತ್ತು. ದೇವರ ದಯೆ, ನಾನು ಮಾಡಿದ ತಪ್ಪುಗಳು ಬಟ್ಟಲು ಮುಗಿಯುವಷ್ಟಿದ್ದವು. ನನ್ನ ಕಣ್ಣು ತುಂಬಿ ಬಂದದ್ದನ್ನು ಕಂಡು, ಬೈದದ್ದಕ್ಕೆ ಅಳುತ್ತಿದ್ದೇನೆಂದುಕೊಂಡು, "ಇರ್ಲಿ ಬಿಡವ್ವ, ನಾಳಿಗೆ ನಾ ತೋರಿಸಿ ಕೊಡ್ತೀನಿ" ಎಂದಳು. ಹೇಳಿದಂತೆಯೇ ಎದ್ದಳು. ಈಗ ಏರ್ ಫ್ರೈಯರೂ ಅವಳದೇ. ನನಗೆ ಸಿಪ್ಪೆ ತೆಗೆಯುವ ಪೋಸ್ಟ್ ಮಾತ್ರ ಉಳಿದಿದೆ.

ಟೈಫಾಯ್ಡಿನಿಂದ ಎದ್ದದ್ದು ಹೇಗೆಂದು ಕೇಳಿದವರಿಗೆಲ್ಲ ಗಂಗಕ್ಕ ಹೇಳುವುದು ಒಂದೇ: "ಕಾನ್ವೆಂಟಿನ ಅಡಿಗಿ ತಿಂದೆ ನೋಡ್ರಿ, ಇನ್ನು ಮಲಗಿದ್ರ ಮನಿ ಉಳಿಯಂಗಿಲ್ಲ ಅಂತ ಎದ್ದುಬಿಟ್ಟೆ." ಈ ಸುದ್ದಿ ಹಗರಿಬೊಮ್ಮನಹಳ್ಳಿಯವರೆಗೂ ಹೋಗಿದೆ. ನಾನು ಇದನ್ನು ಕಾಂಪ್ಲಿಮೆಂಟ್ ಎಂದೇ ತೆಗೆದುಕೊಂಡೆ. ಮೊನ್ನೆ ಎದುರುಮನೆಯ ಹುಡುಗಿ ಸಂಕೋಚದಿಂದ ಬಾಗಿಲಲ್ಲಿ ನಿಂತು, "ನಮ್ಮತ್ತಿಗೆ ವಾರದಿಂದ ಊಟ ಸೇರವಲ್ದುರಿ. ನೀವ ಒಂದ್ಸಲ ಬಂದು ಏನರ ಮಾಡಿ ಕೊಡ್ತೀರೇನ್ರಿ?" ಎಂದು ಕೇಳಿದಳು. ಮದುವೆಯಾಗಿ ಬಂದಂದಿನಿಂದ ನನ್ನ ಅಡುಗೆಗೆ ಬಂದ ಮೊದಲ ಕರೆ. ಇಸ್ತ್ರಿ ಮಾಡಿದ ಸೀರೆಯುಟ್ಟು, ಗಂಗಕ್ಕನ ಕಣ್ಣುತಪ್ಪಿಸಿ ಚಕ್ಕೆಯ ಡಬ್ಬಿ ಸೆರಗಿನಲ್ಲಿಟ್ಟುಕೊಂಡು, ಹೊರಟೇಬಿಟ್ಟೆ.