ಮಳೆಗಾಲಕ್ಕೆ ತುಂಬಿಟ್ಟ ಬ್ಯಾಟರಿಗಳು

ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಸ್ಪಷ್ಟವಾಗಿ ನೆನಪಿದ್ದರಂತೂ ಅನುಮಾನ ಇನ್ನೂ ಜಾಸ್ತಿ. ಮಬ್ಬಾಗಿ ಇರುವುದು ನಡೆದಿದ್ದರೂ ನಡೆದಿರಬಹುದು. ಫ್ಯಾನಿನ ಸದ್ದಿನ ಸಮೇತ ಕಣ್ಣಿಗೆ ಕಟ್ಟಿದರೆ ಅದನ್ನು ನಾನೇ ಕೂತು ಹೆಣೆದಿದ್ದೇನೆ ಎಂದೇ ಲೆಕ್ಕ. ಅದಕ್ಕೇ ದಿನಚರಿ ಬರೆಯುತ್ತೇನೆ. ಆಮೇಲೆ ಅದನ್ನು ಓದುವಾಗ, ಬರೆದವಳನ್ನು ನಂಬುವುದು ಹೇಗೆ ಎಂಬ ಹೊಸ ಚಿಂತೆ.

ನನ್ನ ಡ್ರೋನಿನ ಬ್ಯಾಟರಿಗಳಿಗೆ ಈ ತಾಪತ್ರಯವಿಲ್ಲ. ಕುಮಟಾದ ಕಾಲೇಜಿನಲ್ಲಿ ಭೂಗೋಳ ಕಲಿಸುವ ನಾನು, ಕಡಲು ದಂಡೆಯನ್ನು ಎಷ್ಟು ತಿಂದಿದೆ ಎಂದು ನೋಡಲು ಡ್ರೋನ್ ಕೊಂಡವಳು. ಬ್ಯಾಟರಿ ಹಾಕಿ ಮೊಬೈಲ್ ನೋಡಿದರೆ ಸಾಕು, ಎಷ್ಟು ಸಲ ಚಾರ್ಜ್ ಆಗಿದ್ದೇನೆ, ಒಳಗೆ ಯಾವ ಸೆಲ್ ಸೋತಿದೆ ಎಂದು ಅದೇ ಒಪ್ಪಿಸುತ್ತದೆ. ಮನುಷ್ಯರಿಗೂ ಇಂಥದೊಂದು ಇದ್ದಿದ್ದರೆ ಎಂದು ಆಸೆಪಟ್ಟಿದ್ದೆ, ಮೊನ್ನೆಯ ತನಕ.

ಮೊನ್ನೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ತಮ್ಮ ಗಣಪತಿಯ ಹೊಸ ದೋಣಿ ಮೊದಲ ಸಲ ಕಡಲಿಗೆ ಇಳಿಯುವುದಿತ್ತು. ಹೊನ್ನಾವರದಲ್ಲಿ ನಮ್ಮ ಮನೆ ಹೊಳೆಯ ದಂಡೆಗೇ ಇದೆ. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಮರಳು ದಿಬ್ಬ ಕಟ್ಟಿ ಅಲೆ ಒಡೆಯುತ್ತದೆ. ಅಪ್ಪನ ದೋಣಿ ಒಮ್ಮೆ ಅಲ್ಲೇ ಮಗುಚಿತ್ತು. ಅಪ್ಪ ಈಜಿ ಬಂದರು. ಅಂದಿನಿಂದ ಆಯಿ, ಅಂದರೆ ನಮ್ಮಮ್ಮ, ದಂಡೆಯಲ್ಲಿ ನಿಂತು, ದೋಣಿ ಅಳಿವೆ ದಾಟಿದ್ದು ಕಂಡ ಮೇಲೇ ಗಂಜಿ ಉಣ್ಣುವುದು. ಈ ವರ್ಷ ಅವಳ ಮೊಣಕಾಲು ಹಿಡಿದುಕೊಂಡಿದೆ. ಅಂಗಳದಲ್ಲಿ ಕುರ್ಚಿ ಹಾಕಿ ಮೊಬೈಲಿನಲ್ಲೇ ತೋರಿಸುತ್ತೇನೆ ಎಂದು ನಾನು ದೊಡ್ಡದಾಗಿ ಹೇಳಿದ್ದೆ.

ಬೆಳಿಗ್ಗೆ ಚೀಲದಿಂದ ಮೂರೂ ಬ್ಯಾಟರಿ ತೆಗೆದರೆ ಅದೇನೋ ವಾಸನೆ. ಒಂದರ ಹೊಟ್ಟೆ ಉಬ್ಬಿತ್ತು. ಉಳಿದೆರಡು ಇಡೀ ಮಳೆಗಾಲ ಮತ್ತೆ ಮತ್ತೆ ಚಾರ್ಜ್ ಆಗಿದ್ದವು. ನಾನೋ ಅವನ್ನು ಅರ್ಧಕ್ಕೆ ಇಳಿಸಿ ಎತ್ತಿಟ್ಟಿದ್ದೆ. ತುಂಬಾ ದಿನ ಇಡುವುದಾದರೆ ಹಾಗೇ ಇಡಬೇಕು, ಪೂರ್ತಿ ತುಂಬಿಸಿ ಬಿಸಿಗಿಟ್ಟರೆ ಕೆಡುತ್ತವೆ. ಫ್ಯಾನಿನ ಸದ್ದು ಸಮೇತ ನೆನಪಿತ್ತು. ಅಂದರೆ ಇಳಿಸಿರಲಿಲ್ಲವೇ? ನಿದ್ದೆಯಲ್ಲಿ ಎದ್ದು ಚಾರ್ಜಿಗೆ ಹಾಕುತ್ತಿದ್ದೇನೆಯೇ? ಡಾಕ್ಟರಿಗೆ ಏನೆಂದು ಹೇಳುವುದು?

"ಅದಾ? ನಾನೇ ಚಾರ್ಜಿಗೆ ಹಾಕ್ದೆ," ಎಂದಳು ನನ್ನ ಗೊಣಗಾಟ ಕೇಳಿಸಿಕೊಂಡ ಆಯಿ. "ಅದ್ರ ಮೈಮೇಲಿನ ನಾಲ್ಕು ದೀಪದಲ್ಲಿ ಎರಡೇ ಹತ್ತತಿತ್ತು. ಅಕ್ಕಿ, ಉಪ್ಪು, ಒಣಮೀನು ಎಲ್ಲಾ ತುಂಬಿಟ್ಟು, ಇದನ್ನ ಅರ್ಧ ಇಡೂದು ಯಾರ ಮನೆ ಪದ್ಧತಿ? ದೀಪ ಇಳಿದಾಗೆಲ್ಲಾ ತುಂಬ್ಸಿ, ಥಂಡಿ ಆಗ್ಬಾರ್ದು ಅಂತ ಒಲೆ ಮೇಲಿನ ಒಣಮೀನಿನ ಡಬ್ಬದಲ್ಲಿ ಇಟ್ಟಿದ್ದೆ. ನಿನ್ನೆ ವಾಪಸು ನಿನ್ನ ಚೀಲಕ್ಕೆ ಹಾಕ್ದೆ."

ವಾಸನೆಯ ಗುಟ್ಟೂ ತಿಳಿಯಿತು.

"ನಂಗೊಂದು ಮಾತು ಕೇಳ್ಬಾರ್ದಾ ಆಯಿ?"

"ಕೇಳಿದ್ದೆ. ನೀ ಹೂಂ ಅಂದಿ."

ಅಷ್ಟರಲ್ಲಿ ಗಣಪತಿಯ ಫೋನು. "ಅಕ್ಕಾ, ಎಂತ ಆತು? ನಾವು ಹೊರಟ್ವು."

ಇದ್ದುದರಲ್ಲಿ ವಾಸಿ ಎನಿಸಿದ್ದನ್ನು ಹಾಕಿ ಹಾರಿಸಿದೆ. ಡ್ರೋನ್ ನೀರಿಗೆ ಬಿದ್ದರೆ ಹೋಗಲಿ. ದೋಣಿ ಅಲೆಯ ನಡುವೆ ಇರುವಾಗ ಪರದೆ ಕಪ್ಪಾದರೆ, ಪಕ್ಕದ ಕುರ್ಚಿಯಲ್ಲಿರುವ ಆಯಿಗೆ ಏನು ಹೇಳಲಿ? ಆಯಿ ದೋಣಿ ನೋಡುತ್ತಿದ್ದಳು, ನಾನು ಪರದೆಯ ಮೂಲೆಯಲ್ಲಿದ್ದ ಬ್ಯಾಟರಿಯ ಅಂಕಿ. ದೋಣಿಯ ಮೂತಿ ಮೇಲೆದ್ದಿತು. ಅಂಕಿ ಸರ್ರನೆ ಇಳಿದು ಕೆಂಪಾಯಿತು. ವಾಪಸು ಕರೆಸು ಎಂದು ಯಂತ್ರ ಕೂಗತೊಡಗಿತು. ನನ್ನ ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ.

"ದಾಟ್ತು," ಎಂದಳು ಆಯಿ. "ಇನ್ನು ಕರ್ಕೋ ಮಾರಾಯ್ತಿ, ಪಾಪ, ಅದು ಆಗಿಂದ ಅಳ್ತಾ ಉಂಟು."

ಡ್ರೋನ್ ತೆಂಗಿನ ಬುಡಕ್ಕೆ ಬಂದು ಕುಕ್ಕರಿಸಿತು. ಆಯಿ ಗಂಜಿಗೆ ಎದ್ದಳು. ದೋಣಿ ದಾಟಿದ್ದನ್ನು ನಾನು ಮಾತ್ರ ನೋಡಲೇ ಇಲ್ಲ.

ಸಂಜೆ ಇದನ್ನೆಲ್ಲ ದಿನಚರಿಗೆ ಬರೆಯುತ್ತ ಕೂತಿದ್ದೆ. ಆ ಬ್ಯಾಟರಿ ಕೆಂಪಾದದ್ದು ದೋಣಿ ಅಲೆ ಏರುವ ಮೊದಲೋ ಆಮೇಲೋ ಎಂಬಲ್ಲಿ ಪೆನ್ನು ನಿಂತಿತ್ತು. ಒಳಗಿನಿಂದ ಆಯಿ ಏನೋ ಕೇಳಿದಳು. ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಒಣಮೀನಿನ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು.