ಬೀಗಿತ್ತಿ ನೋಡಲು ಬಂದ ದೀಪ

"ಕತ್ಲೆ ಮನೇಗೆ ಬಸುರೀನ ಕಳ್ಸಲ್ಲ," ಎಂದು ಊರಿಗಾಂ ಗಣಿ ಕಾರ್ಮಿಕರ ಲೈನ್ ಮನೆಯ ಬೀಗಿತ್ತಿ ನರಸಮ್ಮ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಬೂದಿಕೋಟೆ ಪಕ್ಕದ ಜಯರಾಮಪ್ಪನ ಹಟ್ಟಿಗೆ ಇನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ಹಾಗಂತ ಮಗಳ ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ನಾಲ್ಕು ಜನ ಏನಂದಾರು? ಜಯರಾಮಪ್ಪ ಹಾಲು ಕೊಡುತ್ತಿದ್ದ ಹಸುವನ್ನೇ ಮಾರಿ, ರಾಬರ್ಟ್‌ಸನ್‌ಪೇಟೆಯಿಂದ ಸೋಲಾರ್ ಪ್ಲೇಟು, ಬ್ಯಾಟರಿ, ಒಂದು ಟ್ಯೂಬ್‌ಲೈಟು ತಂದ. ದೀಪ ನೋಡಲು ನರಸಮ್ಮ ಮರುದಿನ ಸಂಜೆಯೇ ಬರುವವಳಿದ್ದಳು.

"ಬ್ಯಾಟ್ರಿ ಖಾಲಿ ಐತೆ. ಹಗಲೆಲ್ಲ ಪ್ಲೇಟು ಬಿಸ್ಲು ಕುಡಿದ್ರೇನೇ ದೀಪ," ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಜಯರಾಮಪ್ಪ ಬೆಳಿಗ್ಗೆಯೇ ಪ್ಲೇಟನ್ನು ಮಾಳಿಗೆಯ ಮೇಲೆ ಕಟ್ಟಿ, ನಾಟಿ ಕೋಳಿ ತರಲು ಪಕ್ಕದ ಊರಿಗೆ ಹೋದ.

ಬಂದು ನೋಡಿದರೆ ಪ್ಲೇಟಿನ ತುಂಬಾ ಅರಿಶಿನ, ಕುಂಕುಮ, ವಿಭೂತಿ!

"ಒಸಾ ಸಾಮಾನು, ಪೂಜೆ ಬ್ಯಾಡ್ವಾ?" ಎಂದಳು ಹೆಂಡತಿ ಅಮ್ಮಾಜಮ್ಮ.

ತೊಳೆಯಲು ಬಾವಿಗೆ ಹೋಗಿ ನೀರು ಸೇದಿ ತರುವಷ್ಟರಲ್ಲಿ, ಪಕ್ಕದ ಮನೆಯ ಅಶ್ವತ್ಥಮ್ಮ ಕುಂಕುಮ ಒರೆಸಿ ಸಂಡಿಗೆ ಇಟ್ಟಾಗಿತ್ತು.

"ಏನಮ್ಮಾ ಇದು!"

"ಅಣ್ಣಯ್ಯ, ಧೂಳಿಲ್ಲ ಮಣ್ಣಿಲ್ಲ, ಎಂಚಿನಂಗೆ ಕಾಯ್ತೈತೆ! ನಿನ್ ಬೀಗಿತ್ತಿಗೂ ನಾಕು ಕರೀತೀನಿ ಬಿಡು."

ಅಂಟಿದ ಸಂಡಿಗೆಯನ್ನು ತಲೆಯ ಹೇನು ಹೆಕ್ಕುವಂತೆ ಒಂದೊಂದೇ ಬಿಡಿಸಿದ್ದಾಯಿತು. ಎರಡು ತುತ್ತು ಉಂಡು ಮತ್ತೆ ಹತ್ತಿದರೆ, ಎದುರುಮನೆ ಕೋದಂಡಪ್ಪ ಪ್ಲೇಟಿಗೆ ಒದ್ದೆ ಗೋಣಿ ಹೊದಿಸುತ್ತಿದ್ದ.

"ಗಾಜು ಕಣಣ್ಣ! ಈ ಬಿಸ್ಲಿಗೆ ಸಿಡಿದೋಗ್ತದೆ. ನಾನ್ ನೋಡ್ದಿದ್ರೆ ನಿನ್ ಅಸ ಮಾರಿದ್ ದುಡ್ಡು ದಂಡ ಆಗೋದು."

"ಬಿಸ್ಲು ಬೀಳ್ಲಿ ಅಂತಾನೇ ಕಟ್ಟಿರೋದು ಕಣ್ಲಾ!"

ಆಮೇಲೆ ಹೊತ್ತು ಮುಳುಗುವ ತನಕ ಜಯರಾಮಪ್ಪ ಕಾವಿಗೆ ಕೂತ ಕೋಳಿಯಂತೆ ಪ್ಲೇಟಿನ ಪಕ್ಕ ಬಿಟ್ಟು ಕದಲಲಿಲ್ಲ.

ಸಂಜೆ ನರಸಮ್ಮ ಬಂದಳು. ಸ್ವಿಚ್ ಒತ್ತಿದ. ಮನೆಯೆಲ್ಲ ಹಾಲು ಚೆಲ್ಲಿದಂತೆ ಬೆಳಕು! ನರಸಮ್ಮ ತೃಪ್ತಿಯಿಂದ ಊಟಕ್ಕೆ ಕೂತಳು. ಎರಡನೆಯ ಮುದ್ದೆ ಬಡಿಸುವಾಗ ಟ್ಯೂಬ್‌ಲೈಟು ತೂಕಡಿಸಿ ಕಣ್ಣು ಮುಚ್ಚಿತು.

ಎದುರಿಗೆ ಉಣ್ಣುತ್ತಿದ್ದ ಜಯರಾಮಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ಮಗಳು ಇನ್ನು ಬಂದಂಗೇ ಅಂದುಕೊಂಡ. ಕುಂಕುಮ, ಸಂಡಿಗೆ, ಗೋಣಿ ಎಲ್ಲವನ್ನೂ ತೊದಲುತ್ತಾ ಒಪ್ಪಿಸಿದ.

ಕತ್ತಲಲ್ಲಿ ನರಸಮ್ಮ ಗೊಳ್ಳೆಂದು ನಕ್ಕಳು. "ನಮ್ ಲೈನಾಗೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಎಂಟ್ ದಿನ ಆಯ್ತು ಬೀಗ್ರೇ! ಇಲ್ಲಿ ಒಂದ್ ಮುದ್ದೆ ಉಣ್ಣೋಗಂಟಾನಾದ್ರೂ ಇತ್ತು. ನಾಳೇನೇ ಅವಳ್ನ ಕರ್ಕೊಂಡು ಬತ್ತೀನಿ. ನಾನೂ ಇಲ್ಲೇ ಇರ್ತೀನಿ, ನಮ್ ಯಜಮಾನ್ರೂವೆ. ಬಾಣಂತನ ಮುಗಿಯೋ ತನಕ. ದೀಪ ಬಾಣಂತಿ ಕೋಣೇಗೆ ಆಕ್ಸಿ. ನೀವು ಗಂಡಸ್ರು, ಜಗಲಿ ಮೇಲೆ ಕತ್ಲಾಗೇ ಉಣ್ಣಬೌದು."

ಮಗಳು ಬರುತ್ತಾಳಲ್ಲ, ಅಷ್ಟೇ ಸಾಕು. "ಆಗ್ಲಿ ತಾಯಿ," ಎಂದು ಜಯರಾಮಪ್ಪ ನಗುತ್ತಲೇ ತಟ್ಟೆಗೆ ಕೈ ಚಾಚಿದ. ಮುದ್ದೆ ಸಿಗಲಿಲ್ಲ, ಸಾರಿನ ಬಟ್ಟಲು ತೊಡೆಯ ಮೇಲೆ ಮಗುಚಿಕೊಂಡಿತು.

"ಇವತ್ನಿಂದ್ಲೇ ಅಭ್ಯಾಸ ಮಾಡ್ಕೊಳ್ಳಿ ಬೀಗ್ರೇ," ಎಂದಳು ನರಸಮ್ಮ.