ಶವಾಸನದ ಮೇಲೊಂದು ಡ್ರೋನ್

ನನಗೊಂದು ದುರಭ್ಯಾಸವಿದೆ. ಯಾರಾದರೂ ‘ಹೀಗೆ ಮಾಡಬೇಡಿ’ ಎಂದರೆ ‘ಎಲ್ಲಿ ಬರೆದಿದೆ, ತೋರಿಸಿ’ ಎನ್ನುವುದು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಇದು ಸಕ್ಕರೆ ಕಾಯಿಲೆಯ ಹಾಗೆ ಸದ್ದಿಲ್ಲದೆ ಅಂಟಿಕೊಳ್ಳುತ್ತದೆ. ಉಪ್ಪು ಕಡಿಮೆ ಮಾಡಿ ಎಂದ ಡಾಕ್ಟರನ್ನೂ ಹೀಗೇ ಕೇಳಿದ್ದೆ. ಅವರು ಪಾಪ, ಅಲ್ಲೇ ಚೀಟಿ ತೆಗೆದು ಬರೆದುಕೊಟ್ಟರು. ಆದರೆ ಈ ಅಭ್ಯಾಸ ಒಂದು ದಿನ ನನ್ನನ್ನು ಹದಿನೈದು ಹೆಂಗಸರ ಮುಂದೆ ತಲೆ ತಗ್ಗಿಸಿ ನಿಲ್ಲಿಸುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ನಾನು ನಿವೃತ್ತನಾದಾಗ ಮಗಳು ಒಂದು ಪುಟ್ಟ ಡ್ರೋನ್ ತಂದುಕೊಟ್ಟಳು. “ಅಪ್ಪಾ, ಮನ್ಯಾಗ ಕೂತು ಅಮ್ಮನ ತಲೆ ತಿನ್ನಬ್ಯಾಡ. ಇದನ್ನ ಹಾರಿಸ್ಕೊಂಡು ಆರಾಮಾಗಿರು” ಎಂದಳು. ಅಂಗೈಯಗಲದ ಯಂತ್ರ, ಹೊಟ್ಟೆಯಡಿ ಒಂದು ಕ್ಯಾಮೆರಾ. ಮೊದಲ ದಿನವೇ ಅದು ಅಡುಗೆಮನೆಗೆ ನುಗ್ಗಿ, ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಗಿರಿಜೆಯ ಸೌಟಿಗೆ ಬಡಿಯಿತು. ಮರುದಿನವೇ ನಾನೂ ಡ್ರೋನೂ ಕೆ.ಬಿ. ಬಡಾವಣೆಯಲ್ಲಿರುವ ನಮ್ಮ ಮನೆಯಿಂದ ಹತ್ತಿರದ ಪಾರ್ಕಿಗೆ ಗಡಿಪಾರಾದೆವು.

ಪಾರ್ಕಿನ ಕಾವಲುಗಾರ ಹಾಲೇಶಪ್ಪ ಓಡಿಬಂದ. “ಸಾರ್, ಇಲ್ಲಿ ಇದನ್ನ ಹಾರಿಸಂಗಿಲ್ರಿ.”

“ಎಲ್ಲಿ ಬರದೈತಪ್ಪ, ತೋರ್ಸು.”

ಇಬ್ಬರೂ ಗೇಟಿನ ಫಲಕದ ಮುಂದೆ ನಿಂತೆವು. ಹೂ ಕೀಳಬಾರದು, ಉಗುಳಬಾರದು, ನಾಯಿ ತರಬಾರದು, ಚೆಂಡಾಟ ಆಡಬಾರದು. ಡ್ರೋನಿನ ಸುದ್ದಿಯೇ ಇಲ್ಲ. ನಾನು ಕೇಸು ಗೆದ್ದ ವಕೀಲನಂತೆ ಕನ್ನಡಕ ಸರಿಪಡಿಸಿಕೊಂಡೆ. “ಬೋರ್ಡ್ ಬರ್ದೋರಿಗೆ ಇಂಥಾದ್ದೊಂದು ಬರ್ತೈತೆ ಅಂತ ಗೊತ್ತಿರಲಿಲ್ರಿ ಸಾರ್” ಎಂದ ಹಾಲೇಶಪ್ಪ. “ಅವ್ರಿಗೆ ಗೊತ್ತಾಗೋತನಕ ಹಾರಿಸ್ತೀನಿ ಬಿಡು” ಎಂದೆ.

ಅದೇ ಪಾರ್ಕಿನ ಹೊಂಗೆ ಮರದಾಚೆ ಬೆಳಿಗ್ಗೆ ಹೆಂಗಸರ ಯೋಗ ನಡೆಯುತ್ತದೆ. ಗಿರಿಜೆಯೂ ಹೋಗುತ್ತಾಳೆ. ಕಲಿಸುವವರು ನಿವೃತ್ತ ಮುಖ್ಯೋಪಾಧ್ಯಾಯಿನಿ ಶಾರದಮ್ಮ. ನಾಲ್ಕನೆಯ ದಿನ ಗಾಳಿ ಬೀಸಿತು. ಡ್ರೋನ್ ಮರ ದಾಟಿ ಆಚೆ ತೇಲಿತು. ಗಾಬರಿಯಲ್ಲಿ ಇಳಿಸುವ ಗುಂಡಿ ಒತ್ತಿದೆ. ನನ್ನ ಮಾತನ್ನು ಜನ್ಮದಲ್ಲಿ ಮೊದಲ ಸಲ ಒಂದು ವಸ್ತು ಚಾಚೂ ತಪ್ಪದೆ ಪಾಲಿಸಿತು. ಗುಂಯ್ ಎನ್ನುತ್ತ ನೇರವಾಗಿ ಶಾರದಮ್ಮನವರ ಚಾಪೆಯ ಮೇಲೆ ಹೋಗಿ ಕೂತಿತು. ಆಗ ನಡೆಯುತ್ತಿದ್ದದ್ದು ಶವಾಸನ. ಒಂದು ಕಿರುಚು ಕೇಳಿತು. ಹದಿನೈದು ಶವಗಳು ಒಮ್ಮೆಲೇ ಎದ್ದು ಕೂತವು.

“ಯಾರದ್ರೀ ಇದು?” ಎಂದು ಯಾರೋ ಕೂಗಿದರು.

“ನಮ್ಮನೆಯವ್ರದ್ದು” ಎಂದಳು ಗಿರಿಜೆ, ಓಡಿಬಂದ ನನ್ನತ್ತ ನೋಡದೆ ಚಾಪೆ ಸುತ್ತುತ್ತ.

“ನಾನೇನೂ ನೋಡಿಲ್ರಿ. ಮತ್ತೆ, ಬೋರ್ಡಿನಾಗ ಎಲ್ಲೂ...” ಎಂದು ಶುರುಮಾಡಿದೆ. ಶಾರದಮ್ಮ ದನಿ ಏರಿಸಲಿಲ್ಲ. “ನೀವು ನೋಡಿದ್ರೋ ಬಿಟ್ರೋ, ನಮಗ ಹೆಂಗೆ ಗೊತ್ತಾಗ್ಬೇಕ್ರಿ? ಮನ್ಯಾಗ ಯಾರಿದ್ದಾರೆ, ಯಾರು ಬಂದಾರೆ ಅಂತ ನೋಡದಂಗ ಕಾಲು ಚಾಚಿ ಕಣ್ಮುಚ್ಚಿ ಮಲಗೋ ಜಾಗ ನಮಗ ಇದೊಂದೇ ಐತೆ.”

ಇದು ಎಲ್ಲಿ ಬರೆದಿದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಪ್ಪಾಯಿತೆಂದು ಕೈಮುಗಿದು ಬಂದೆ.

ಮಧ್ಯಾಹ್ನ ಮನೆಯಲ್ಲಿ ಗಿರಿಜೆ ಊಟಕ್ಕೆ ಬಡಿಸಿ, “ಅದರಾಗ ಏನು ಬಂದೈತೆ, ತೋರಿಸ್ರಿ” ಎಂದಳು. ಇಬ್ಬರೂ ನೋಡಿದೆವು. ನಾಲ್ಕು ದಿನದ ಚಿತ್ರೀಕರಣದಲ್ಲಿ ಬಹುಪಾಲು ಇದ್ದದ್ದು ನನ್ನ ಬೋಳು ತಲೆ. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಗಿರಿಜೆ ತುಟಿ ಕಚ್ಚಿ ತಡೆದಳು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. ಕೊನೆಯಲ್ಲಿ ಚಾಪೆಗಳು ಕಂಡ ಭಾಗವನ್ನು ತಾನೇ ಅಳಿಸಿದಳು. ಬಳಿಕ ಡ್ರೋನಿನ ಪೆಟ್ಟಿಗೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. ನಾನು ಬಿಚ್ಚಿಯೇ ನೋಡಿರದ ಸೂಚನಾಪತ್ರ. ಮೊದಲ ಸಾಲೇ, ಜನರ ತಲೆಯ ಮೇಲೆ ಹಾರಿಸಬೇಡಿ ಎಂದಿತ್ತು.

ವಾರದೊಳಗೆ ಪಾರ್ಕಿನ ಫಲಕಕ್ಕೆ ಹೊಸ ಸಾಲು ಬಂತು: ‘ಡ್ರೋನ್ ಹಿಡಿದುಕೊಂಡು ಹಾರಾಡಬಾರದು.’ ಇದು ತಪ್ಪು ಪ್ರಯೋಗ, ‘ಹಾರಿಸಬಾರದು’ ಎಂದಿರಬೇಕು ಎಂದು ನಾನು ಹೇಳಹೊರಟರೆ ಗಿರಿಜೆ, “ಸರಿಯಾಗೇ ಬರ್ದಾರೆ ಸುಮ್ನಿರ್ರಿ. ನಿಮ್ಮನ್ನ ನೋಡೇ ಬರ್ದಂಗೈತೆ” ಎಂದಳು.

ಆದರೂ ಮೂಲೆಗೆ ಬಿದ್ದ ಡ್ರೋನನ್ನೂ ಅದರ ಪಕ್ಕ ಕೂತ ನನ್ನನ್ನೂ ನೋಡಿ ಅವಳಿಗೇ ಕರುಳು ಚುರ್ ಎಂದಿರಬೇಕು. ಹರಿಹರದಲ್ಲಿರುವ ತಮ್ಮನಿಗೆ ಫೋನ್ ಮಾಡಿದಳು. ಊರಾಚೆ ಹೊಳೆಯ ಹತ್ತಿರ ಅವನ ಗದ್ದೆ ಕೊಯ್ಲಾಗಿ ಖಾಲಿ ಬಿದ್ದಿತ್ತು. “ಬರ್ರಿ ಭಾವ, ಇಲ್ಲಿ ಕೊಕ್ಕರೆ ಬಿಟ್ರೆ ಯಾರೂ ಇಲ್ಲ” ಎಂದ. ಅಲ್ಲಿ ಹಾರಿಸಲು ಅಡ್ಡಿಯಿಲ್ಲವೆಂದು ಮಗಳು ಡ್ರೋನ್ ಹಾರಾಟದ ಸರ್ಕಾರಿ ನಕ್ಷೆ ನೋಡಿ ಖಚಿತಪಡಿಸಿದಳು.

ಗದ್ದೆಯಲ್ಲಿ ಐದು ನಿಮಿಷ ಹಾರಿಸಿದ್ದೆನೋ ಇಲ್ಲವೋ, “ಕೊಡ್ರಿ ಇಲ್ಲಿ” ಎಂದು ಗಿರಿಜೆ ರಿಮೋಟು ಕಸಿದುಕೊಂಡಳು. ನನ್ನ ಕೈಯಲ್ಲಿ ಕುಡಿದವನಂತೆ ತೂರಾಡುತ್ತಿದ್ದ ಯಂತ್ರ ಅವಳ ಕೈಯಲ್ಲಿ ಹದ್ದಿನ ಹಾಗೆ ಸುತ್ತಿತು. “ಅಯ್ಯ, ಹೊಳಿ ನೋಡ್ರಿ, ಎಷ್ಟು ಚೆಂದ ಕಾಣ್ತೈತೆ!” ಎಂದು ಕೂಗಿದಳು. ನಲವತ್ತು ವರ್ಷದ ಹಿಂದಿನ ಹುಡುಗಿಯ ದನಿ ಅದು. ನನಗೆ ರಿಮೋಟು ವಾಪಸ್ ಕೇಳುವ ಮನಸ್ಸಾಗಲಿಲ್ಲ.

ಅದೇ ನಾನು ಮಾಡಿದ ತಪ್ಪು. ವಿಷಯ ಯೋಗದ ಚಾಪೆಗಳಿಗೆಲ್ಲ ಹಬ್ಬಿತು. ಈಗ ಭಾನುವಾರ ಬಂದರೆ ಶಾರದಮ್ಮನವರ ಮುಂದಾಳತ್ವದಲ್ಲಿ ಆರು ಜನ ಹೆಂಗಸರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಂಡು ಹರಿಹರದ ಬಸ್ಸು ಹತ್ತುತ್ತಾರೆ. ನಾನು ಬದುವಿನ ಬೇವಿನ ಮರದಡಿ ಅವರ ಚಪ್ಪಲಿ, ಚೀಲ ಕಾಯುತ್ತ ಕೂರುತ್ತೇನೆ. ಆ ಗದ್ದೆಯಲ್ಲಿ ನಾನು ಡ್ರೋನ್ ಹಾರಿಸಲು ಯಾವ ನಿರ್ಬಂಧವೂ ಇಲ್ಲ. ನನ್ನ ಸರದಿ ಮಾತ್ರ ಇನ್ನೂ ಬಂದಿಲ್ಲ.